ಬಿಸಿಯಾಗುತ್ತಿರುವ ಕಾಲದಲ್ಲಿ ವೈನ್ ದ್ರಾಕ್ಷಿ ತೋಟ ನೋಡಿಕೊಳ್ಳುವುದು ಹೇಗೆ

ಕೊಯ್ಲಿಗೆ ಇನ್ನು ಎರಡು ವಾರ ಇದೆ ಅನ್ನುವಾಗ ತೋಟಕ್ಕೆ ಹೋಗಿ ಒಂದು ದ್ರಾಕ್ಷಿ ಕಿತ್ತು ಬಾಯಿಗೆ ಹಾಕಿಕೊಳ್ಳಿ. ರಸ ನುಂಗಿ. ಸಿಪ್ಪೆಯನ್ನು ನಿಧಾನವಾಗಿ ಜಗಿಯಿರಿ. ಬೀಜವನ್ನು ಅಂಗೈಗೆ ಉಗಿದು ನೋಡಿ. ಹಸಿರಾಗಿದ್ದರೆ ಇನ್ನೂ ಬಲಿತಿಲ್ಲ, ಕಚ್ಚಿದರೆ ಒಗರಿಗೆ ನಾಲಿಗೆ ದಪ್ಪವಾಗುತ್ತದೆ. ಕಂದು ಬಣ್ಣಕ್ಕೆ ತಿರುಗಿ, ಹಲ್ಲಿಗೆ ಸಿಕ್ಕಾಗ ಹುರಿದ ಕಾಳಿನ ಹಾಗೆ ಪಟ್ ಅಂತ ಒಡೆದರೆ ಬಲಿತಿದೆ. ಈಗ ಬಿಸಿ ವರ್ಷಗಳಲ್ಲಿ ಆಗುತ್ತಿರುವ ತೊಂದರೆ ಏನು ಗೊತ್ತಾ? ರಸ ಜೇನಿನಷ್ಟು ಸಿಹಿಯಾಗಿಬಿಟ್ಟಿರುತ್ತದೆ, ಬೀಜ ಮಾತ್ರ ಹಸಿರು.

ವೈನ್ ದ್ರಾಕ್ಷಿ ಬೆಳೆಯುವವರಿಗೆ ಹವಾಮಾನ ಬದಲಾವಣೆ ಮೊದಲು ಕಾಣಿಸುವುದು ಇಲ್ಲೇ. ಬಳ್ಳಿ ಒಣಗಿ ಹೋಗುವುದು ಆಮೇಲಿನ ಮಾತು, ಅದಕ್ಕೂ ಮುಂಚೆ ಹಣ್ಣಿನ ಒಳಗಿನ ಲೆಕ್ಕ ತಪ್ಪುತ್ತದೆ. ಸಕ್ಕರೆ ಬೇಗ ಏರುತ್ತದೆ. ಹುಳಿ ಬೇಗ ಇಳಿಯುತ್ತದೆ, ಯಾಕೆಂದರೆ ಮ್ಯಾಲಿಕ್ ಆಮ್ಲವನ್ನು ಬಿಸಿಯಲ್ಲಿ ಹಣ್ಣೇ ಉಸಿರಾಡಿ ಸುಟ್ಟುಕೊಳ್ಳುತ್ತದೆ (ಟಾರ್ಟಾರಿಕ್ ಆಮ್ಲ ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ಅದೊಂದು ಪುಣ್ಯ). ಆದರೆ ಸಿಪ್ಪೆಯ ಬಣ್ಣ, ಪರಿಮಳ, ಬೀಜದ ಒಗರು ಹದಕ್ಕೆ ಬರುವುದು ಇವೆಲ್ಲ ತಮ್ಮ ಪಾಡಿಗೆ ನಿಧಾನವಾಗಿ ನಡೆಯುತ್ತವೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಅಂದರೆ ಶೇಕಡಾ 1ರಷ್ಟು ಆಲ್ಕೋಹಾಲ್. ಬೀಜ ಬಲಿಯಲಿ ಅಂತ ಹತ್ತು ದಿನ ಕಾದರೆ ಶೇಕಡಾ 15 ದಾಟಿದ, ಗಂಟಲು ಸುಡುವ, ಹುಳಿಯೇ ಇಲ್ಲದ ವೈನ್ ಕೈಗೆ ಬರುತ್ತದೆ. ಕಾಯದೆ ಕೊಯ್ದರೆ ಹಸಿ ಒಗರು. ಇಲ್ಲಿ ಹೇಳುವ ಕೆಲಸಗಳೆಲ್ಲ ಹೆಚ್ಚುಕಡಿಮೆ ಒಂದೇ ಗುರಿಗೆ: ಸಕ್ಕರೆ ಮತ್ತು ಬೀಜ ಮತ್ತೆ ಒಟ್ಟಿಗೆ ಹಣ್ಣಾಗಬೇಕು.

ಇದು ಒಂದೆರಡು ವರ್ಷದ ಗ್ರಹಚಾರ ಅಂತ ಅಂದುಕೊಳ್ಳಬೇಡಿ. ಫ್ರಾನ್ಸಿನ ಬರ್ಗಂಡಿಯ ಬೋನ್ ಪಟ್ಟಣದಲ್ಲಿ ಕೊಯ್ಲು ಶುರುವಾದ ದಿನಗಳ ದಾಖಲೆ 1354ರಿಂದ ಸಿಗುತ್ತದೆ. 2018ರವರೆಗಿನ ಆ ದಾಖಲೆಯನ್ನು ಕೂತು ಲೆಕ್ಕ ಹಾಕಿದವರಿಗೆ ಕಂಡಿದ್ದು ಇಷ್ಟು: 1988ರಿಂದ ಈಚೆಗೆ ಕೊಯ್ಲು ಹಿಂದಿನ ಆರು ಶತಮಾನದ ಸರಾಸರಿಗಿಂತ ಸುಮಾರು 13 ದಿನ ಮುಂಚೆ ಬರುತ್ತಿದೆ. 13 ದಿನ ತಾನೇ, ಬೇಗ ಕೊಯ್ದರಾಯಿತು ಅನ್ನಿಸಬಹುದು. ಆದರೆ ಹಣ್ಣಿನ ಕೊನೆಯ ಹಂತ ತಂಪು ದಿನಗಳಿಂದ ಜಾರಿ ಬೇಸಿಗೆಯ ನಡುವಿಗೆ ಬಂದು ಬೀಳುತ್ತದೆ. ಬಿಸಿ ಜಾಸ್ತಿಯಾಗಿದ್ದು ಒಂದು ಪೆಟ್ಟು, ಹೆಚ್ಚು ಬಿಸಿ ಇರುವ ದಿನಗಳಲ್ಲೇ ಹಣ್ಣಾಗುವುದು ಇನ್ನೊಂದು ಪೆಟ್ಟು.

ಮೊದಲು ನಿಮ್ಮ ತೋಟವನ್ನೇ ಅಳೆಯಿರಿ

ದೇಶದ ಸರಾಸರಿ, ಜಗತ್ತಿನ ಸರಾಸರಿ ಇಟ್ಟುಕೊಂಡು ತೋಟ ನಡೆಸಲು ಆಗುವುದಿಲ್ಲ. ಒಂದು ಒಳ್ಳೆಯ ತಾಪಮಾಪಕ ತಂದು ಗೊಂಚಲಿನ ಎತ್ತರದಲ್ಲಿ, ನೆರಳಿನಲ್ಲಿ ಕಟ್ಟಿ. ಗೋಡೆಗೆ ನೇತು ಹಾಕಿದರೆ ಅದು ಗೋಡೆಯ ಬಿಸಿಯನ್ನೇ ಹೇಳುತ್ತದೆ. ದಿನದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಉಷ್ಣತೆ ಕೂಡಿಸಿ, ಎರಡರಿಂದ ಭಾಗಿಸಿ, ಅದರಲ್ಲಿ 10 ಕಳೆಯಿರಿ. 32 ಮತ್ತು 16 ಇದ್ದ ದಿನಕ್ಕೆ 14 ಬರುತ್ತದೆ. ಕಳೆದು ಸೊನ್ನೆಗಿಂತ ಕಡಿಮೆ ಬಂದರೆ ಆ ದಿನಕ್ಕೆ ಸೊನ್ನೆ. ಉತ್ತರಾರ್ಧಗೋಳದಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ದಕ್ಷಿಣದಲ್ಲಿ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಹೀಗೆ ಕೂಡಿಸುತ್ತಾ ಹೋಗಿ. ಕ್ಯಾಲಿಫೋರ್ನಿಯಾದ ಅಮೆರಿನ್ ಮತ್ತು ವಿಂಕ್ಲರ್ 1944ರಲ್ಲಿ ಈ ಲೆಕ್ಕದಿಂದಲೇ ವೈನ್ ಪ್ರದೇಶಗಳನ್ನು ಐದು ಗುಂಪು ಮಾಡಿದರು. ಮೊತ್ತ ಸುಮಾರು 1,390ರ ಒಳಗಿದ್ದರೆ ಅತಿ ತಂಪಿನ ಗುಂಪು, 2,220 ದಾಟಿದರೆ ಅತಿ ಬಿಸಿಯದು. ಹತ್ತಿರದ ಹವಾಮಾನ ಕೇಂದ್ರದ ಹಳೆಯ ಅಂಕಿ ಸಿಕ್ಕರೆ 30 ವರ್ಷದ ಹಿಂದಿನ ಮೊತ್ತವನ್ನು ಈಗಿನದರ ಪಕ್ಕ ಇಟ್ಟು ನೋಡಿ. ಒಂದು ಗುಂಪು ಮೇಲಕ್ಕೆ ಜಿಗಿದಿದ್ದರೆ, ನಿಮ್ಮ ತೋಟದಲ್ಲಿರುವ ತಳಿ ನೀವು ನೆಟ್ಟ ಜಾಗದಲ್ಲಿ ಈಗ ಇಲ್ಲ ಅಂತಲೇ ತಿಳಿಯಿರಿ.

ಆದರೆ ಬಳ್ಳಿಯನ್ನು ಕೊಲ್ಲುವುದು ಸರಾಸರಿ ಅಲ್ಲ, ಒಂದೊಂದು ದಿನ. 2019ರ ಜೂನ್ 28ರಂದು ದಕ್ಷಿಣ ಫ್ರಾನ್ಸಿನ ವೆರಾರ್ಗ್‌ನಲ್ಲಿ 46 ಡಿಗ್ರಿ ಮುಟ್ಟಿತು. ಆ ಭಾಗದ ಎಷ್ಟೋ ತೋಟಗಳಲ್ಲಿ ಎಲೆ, ಗೊಂಚಲು ಬೆಂಕಿ ತೋರಿಸಿದ ಹಾಗೆ ಸುಟ್ಟು ಕಂದಾದವು, ಒಂದೇ ಮಧ್ಯಾಹ್ನದಲ್ಲಿ. ಹಾಗಾಗಿ 35 ಡಿಗ್ರಿ ದಾಟಿದ ದಿನ ಎಷ್ಟು, ಕಣ್ಣು (ಕಡ್ಡಿಯ ಮೇಲಿನ ಚಿಗುರುವ ಮೊಗ್ಗು) ಒಡೆದ ಮೇಲೆ ಹಿಮಗಟ್ಟುವ ಚಳಿ ಬಂದ ಕೊನೆಯ ರಾತ್ರಿ ಯಾವುದು ಅಂತಲೂ ಬರೆದಿಡಿ. ಜೊತೆಗೆ ನಾಲ್ಕು ದಿನಾಂಕ: ಕಣ್ಣು ಒಡೆದದ್ದು, ಹೂ ಬಿಟ್ಟದ್ದು, ಹಣ್ಣು ಬಣ್ಣ ತಿರುಗಿದ್ದು, ಕೊಯ್ದದ್ದು. ಐದು ವರ್ಷ ಬರೆದರೆ ಆ ನೋಟ್‌ಬುಕ್ಕಿಗಿಂತ ಒಳ್ಳೆಯ ಸಲಹೆಗಾರ ನಿಮಗೆ ಸಿಗುವುದಿಲ್ಲ, ಇದನ್ನು ಪೂರ್ತಿ ನಂಬಿ ಹೇಳುತ್ತಿದ್ದೇನೆ.

ಕತ್ತರಿಯಿಂದಲೇ ಆಗುವ ಕೆಲಸ

ಬಳ್ಳಿ ಕೀಳುವ, ಹೊಸ ಜಾಗ ಹುಡುಕುವ ಯೋಚನೆಗೆ ಮುಂಚೆ ಕತ್ತರಿ ತೆಗೆದುಕೊಳ್ಳಿ. ತಡವಾಗಿ ಚಾಟ್ನಿ ಮಾಡುವುದು, ಅಂದರೆ ಹಳೆಯ ಕಡ್ಡಿಯನ್ನು ತಡವಾಗಿ ಕತ್ತರಿಸುವುದು, ಎಲ್ಲಕ್ಕಿಂತ ಕಡಿಮೆ ಖರ್ಚಿನ ಉಪಾಯ. ಚಳಿಗಾಲದಲ್ಲಿ ಕಡ್ಡಿಯನ್ನು ಉದ್ದವಾಗಿಯೇ ಬಿಡಿ, ಏಳೆಂಟು ಕಣ್ಣು ಇರಲಿ. ಬಿಸಿಲು ಏರಿದಾಗ ತುದಿಯ ಕಣ್ಣುಗಳು ಮೊದಲು ಒಡೆಯುತ್ತವೆ. ಅವು ಒಡೆದಿರುವಷ್ಟು ಹೊತ್ತು ಬುಡದ ಎರಡು ಕಣ್ಣು ಸುಮ್ನೆ ಮಲಗಿರುತ್ತವೆ. ತುದಿಯಲ್ಲಿ ಎರಡು ಮೂರು ಎಲೆ ಬಿಚ್ಚಿದಾಗ ಬುಡದ ಎರಡು ಕಣ್ಣು ಬಿಟ್ಟು ಉಳಿದದ್ದನ್ನು ಕತ್ತರಿಸಿ. ಆಗ ಆ ಕಣ್ಣುಗಳು ಎಚ್ಚರಗೊಳ್ಳುತ್ತವೆ, ಒಂದೆರಡು ವಾರ ತಡವಾಗಿ. ಕೊಯ್ಲಿನ ಹೊತ್ತಿಗೆ ಈ ಅಂತರ ಸ್ವಲ್ಪ ಕರಗುತ್ತದೆ, ಆದರೂ ಉಳಿದಷ್ಟು ಲಾಭವೇ. ಇನ್ನೂ ಜಾಸ್ತಿ ತಡ ಮಾಡಿದರೆ ಬೇರಿನಲ್ಲಿ ಕೂಡಿಟ್ಟ ಶಕ್ತಿ ತುದಿಯ ಚಿಗುರಿಗೆ ಸುರಿದು ವ್ಯರ್ಥವಾಗುತ್ತದೆ, ಇಳುವರಿ ಬೀಳುತ್ತದೆ. ಹಾಗಾಗಿ ಮೊದಲ ವರ್ಷ ಇಡೀ ತೋಟದಲ್ಲಿ ಮಾಡಬೇಡಿ.

ಇದೇ ಉಪಾಯ ಚಳಿಯಿಂದಲೂ ಕಾಪಾಡುತ್ತದೆ. ಭೂಮಿ ಬಿಸಿಯಾಗುತ್ತಿರುವಾಗ ಚಳಿಯ ಮಾತು ಯಾಕೆ ಅಂತ ಕೇಳುತ್ತಾರೆ. ಚಳಿಗಾಲ ಬೆಚ್ಚಗಾದರೆ ಕಣ್ಣು ಬೇಗ ಒಡೆಯುತ್ತದೆ, ಆದರೆ ಹಿಮಗಟ್ಟುವ ರಾತ್ರಿಗಳು ಇನ್ನೂ ಮುಗಿದಿರುವುದಿಲ್ಲ, ಅಲ್ವಾ? ಎಳೆ ಚಿಗುರಿಗೆ ಮೈನಸ್ 2 ಡಿಗ್ರಿ ಸಾಕು. 2021ರ ಏಪ್ರಿಲ್‌ನಲ್ಲಿ ಫ್ರಾನ್ಸಿನಲ್ಲಿ ಆದದ್ದು ಅದೇ. ಮಾರ್ಚ್ ಕೊನೆಯ ಬಿಸಿಗೆ ಚಿಗುರಿದ ಬಳ್ಳಿಗಳು ಕೆಲವೇ ರಾತ್ರಿಯಲ್ಲಿ ಕಪ್ಪಾದವು. ಶಾರ್ಡನೇಯಂಥ ಬೇಗ ಚಿಗುರುವ ತಳಿ ಇದ್ದವರು ಈ ವಿಷಯದಲ್ಲಿ ಜಾಸ್ತಿ ಹುಷಾರಾಗಿರಬೇಕು.

ಎಲೆ ತೆಗೆಯುವ ಹಳೆಯ ಪಾಠವನ್ನೂ ಬದಲಾಯಿಸಿಕೊಳ್ಳಿ. ಗೊಂಚಲಿಗೆ ಗಾಳಿ ಬೆಳಕು ಸಿಗಲಿ ಅಂತ ಎರಡೂ ಕಡೆ ಬೋಳಿಸುವುದು ತಂಪು ಕಾಲದ ಬುದ್ಧಿ. ನೇರ ಬಿಸಿಲಿಗೆ ಬಿದ್ದ ಹಣ್ಣು ಸುತ್ತಲಿನ ಗಾಳಿಗಿಂತ 10 ಡಿಗ್ರಿಗೂ ಜಾಸ್ತಿ ಕಾಯಬಹುದು. ಮುಟ್ಟಿ ನೋಡಿ, ಮಧ್ಯಾಹ್ನ ಮೂರು ಗಂಟೆಗೆ ಪಶ್ಚಿಮದ ಕಡೆಯ ಒಂದು ಗೊಂಚಲು, ಪೂರ್ವದ ಕಡೆಯದು ಒಂದು. ಬೆರಳಿಗೇ ವ್ಯತ್ಯಾಸ ತಿಳಿಯುತ್ತದೆ. ಬೆಳಗಿನ ಬಿಸಿಲು ಬೀಳುವ ಕಡೆ ಮಾತ್ರ ಎಲೆ ಬಿಡಿಸಿ, ಮಧ್ಯಾಹ್ನದ ಬಿಸಿಲಿನ ಕಡೆ ಒಂದು ಎಲೆಯನ್ನೂ ಮುಟ್ಟಬೇಡಿ. ಸಕ್ಕರೆ ತಯಾರಾಗುವುದು ಎಲೆಯಲ್ಲಿ, ಆದ್ದರಿಂದ ಹಣ್ಣು ಬಣ್ಣ ತಿರುಗಿದ ಮೇಲೆ ಬಳ್ಳಿಯ ತಲೆಯನ್ನು ಸ್ವಲ್ಪ ಕೆಳಗೆ ಸವರಿದರೆ ಸಕ್ಕರೆಯ ಓಟ ನಿಧಾನವಾಗುತ್ತದೆ. ಗೊಂಚಲಿನ ಮೇಲಿನ ನೆರಳು ಹೋಗದಂತೆ ನೋಡಿಕೊಳ್ಳಿ. ನೆರಳು ಬಲೆಯೂ ಒಳ್ಳೆಯದೇ, ಆಲಿಕಲ್ಲಿನಿಂದಲೂ ಕಾಯುತ್ತದೆ, ಖರ್ಚು ಮಾತ್ರ ಜಾಸ್ತಿ. ಬಿಳಿ ಕೆಯೋಲಿನ್ ಮಣ್ಣಿನ ಸಿಂಪಡಣೆ ಅದಕ್ಕಿಂತ ಅಗ್ಗ. ಬಿಸಿ ಅಲೆ ಬರುವುದಕ್ಕೆ ಮುಂಚೆ ಹೊಡೆದರೆ ಎಲೆ, ಹಣ್ಣು ಬಿಸಿಲನ್ನು ಒಂದಷ್ಟು ಹಿಂದಕ್ಕೆ ಎಸೆಯುತ್ತವೆ. ಮಳೆ ಬಂದು ತೊಳೆದರೆ ಮತ್ತೆ ಹೊಡೆಯಬೇಕು.

ನೀರು, ಮಣ್ಣು

ಬಳ್ಳಿಗೆ ಬಾಯಾರಿದೆಯೇ ಅಂತ ತಿಳಿಯಲು ಕುಡಿ ನೋಡಿ. ಬೆಳೆಯುವ ತುದಿಯ ಪಕ್ಕದಲ್ಲಿ ಆಸರೆಗೆ ಸುತ್ತಿಕೊಳ್ಳುವ ಎಳೆ ಹಂಬುಗಳು ಇರುತ್ತವೆ. ಅವು ತುದಿಯನ್ನೂ ಮೀರಿ ನೆಟ್ಟಗೆ ಮುಂದಕ್ಕೆ ಚಾಚಿದ್ದರೆ ನೀರು ಸಾಕಷ್ಟಿದೆ. ತುದಿಯ ಎಲೆಗಳು ಹಂಬುಗಳನ್ನು ಮುಚ್ಚಿಬಿಟ್ಟಿದ್ದರೆ ಬೆಳವಣಿಗೆ ನಿಧಾನವಾಗಿದೆ. ತುದಿಯೇ ಒಣಗಿ ಉದುರಿದ್ದರೆ ಬಳ್ಳಿ ಬೆಳೆಯುವುದನ್ನೇ ನಿಲ್ಲಿಸಿದೆ. ವಾರಕ್ಕೊಮ್ಮೆ ಐವತ್ತು ಕುಡಿ ನೋಡಿ ಎಣಿಸಿದರೆ ಸಾಕು, ದುಬಾರಿ ಉಪಕರಣ ಬೇಕೇ ಬೇಕು ಅಂತಿಲ್ಲ. ಕಾಯಿ ಕಟ್ಟಿದ ಮೇಲೆ ಬಣ್ಣ ತಿರುಗುವವರೆಗೆ ಸ್ವಲ್ಪ ಬಾಯಾರಿಕೆ ಇರಲಿ. ಕಾಳು ಸಣ್ಣದಾಗಿ ಬಣ್ಣ, ರುಚಿ ಗಟ್ಟಿಯಾಗುತ್ತದೆ. ದಿನಾ ಸ್ವಲ್ಪ ಸ್ವಲ್ಪ ಹನಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ಅಪರೂಪಕ್ಕೆ, ಆಳಕ್ಕೆ ಇಳಿಯುವಷ್ಟು ಕೊಡಿ. ಬಿಸಿ ಅಲೆಯ ಮುನ್ಸೂಚನೆ ಇದ್ದರೆ ಅದು ಬರುವ ಮುಂಚೆಯೇ ನೀರು ಕೊಟ್ಟುಬಿಡಿ. 35 ಡಿಗ್ರಿ ದಾಟಿ ಬಳ್ಳಿ ತನ್ನ ಎಲೆಯ ಬಾಯಿ ಮುಚ್ಚಿಕೊಂಡ ಮೇಲೆ ಕೊಟ್ಟ ನೀರು ಆ ದಿನದ ಹಣ್ಣನ್ನು ಉಳಿಸುವುದಿಲ್ಲ.

ಸಾಲುಗಳ ನಡುವೆ ಮಣ್ಣು ಬೆತ್ತಲೆ ಇರಬಾರದು. ಮಳೆಗಾಲದಲ್ಲಿ ಹುಲ್ಲು, ದ್ವಿದಳ ಬೆಳೆಯಲಿ. ಒಣಗಾಲ ಶುರುವಾಗುವಾಗ ಅದನ್ನು ಉರುಳಿಸಿ ಮಲಗಿಸಿಬಿಡಿ, ಅದೇ ಹೊದಿಕೆಯಾಗುತ್ತದೆ. ಹಾಗೇ ನಿಲ್ಲಲು ಬಿಟ್ಟರೆ ಬಳ್ಳಿಯ ನೀರನ್ನು ಅದೇ ಕುಡಿಯುತ್ತದೆ. ಮಳೆ ಈಗ ಬಂದರೆ ಒಟ್ಟಿಗೆ ಸುರಿಯುವುದು ಜಾಸ್ತಿ, ಇಳಿಜಾರಿನ ಮಣ್ಣನ್ನು ಹಿಡಿದಿಡುವುದೂ ಈ ಹುಲ್ಲೇ. ಮಳೆಯ ಜೊತೆ ಡೌನಿ ಅನ್ನುವ ಬೂಜು ರೋಗವೂ ಬರುತ್ತದೆ. ಹಳೆಯ ಮೂರು ಹತ್ತರ ಲೆಕ್ಕ ನೆನಪಿರಲಿ: ಚಿಗುರು 10 ಸೆಂಟಿಮೀಟರ್, ಉಷ್ಣತೆ 10 ಡಿಗ್ರಿ, ಒಂದೆರಡು ದಿನದಲ್ಲಿ 10 ಮಿಲಿಮೀಟರ್ ಮಳೆ. ಮೂರೂ ಕೂಡಿದರೆ ಮೊದಲ ಸೋಂಕು ಬಂತು ಅಂತಲೇ ಎಣಿಸಿ. 2023ರಲ್ಲಿ ಜಗತ್ತಿನ ಒಟ್ಟು ವೈನ್ ಉತ್ಪಾದನೆ 1961ರ ನಂತರ ಆವರೆಗಿನ ಅತಿ ಕಡಿಮೆ ಮಟ್ಟಕ್ಕೆ ಇಳಿಯಿತು. ಅದಕ್ಕೆ ಕೆಲವು ಕಡೆ ಬರ ಕಾರಣವಾದರೆ, ಇಟಲಿಯ ಎಷ್ಟೋ ಭಾಗಗಳಲ್ಲಿ ಕಾರಣ ಈ ಮಳೆ ಮತ್ತು ಡೌನಿ.

ಕಾಡ್ಗಿಚ್ಚಿನ ಹೊಗೆ ಇನ್ನೊಂದು ತಲೆನೋವು. ಹೊಗೆಯ ವಸ್ತುಗಳು ಹಣ್ಣಿನ ಸಕ್ಕರೆಗೆ ಅಂಟಿಕೊಂಡು ಬಚ್ಚಿಟ್ಟುಕೊಳ್ಳುತ್ತವೆ, ತಿಂದು ನೋಡಿದರೆ ಗೊತ್ತಾಗದೇ ಇರಬಹುದು, ಹುದುಗಿದ ಮೇಲೆ ವೈನ್‌ನಲ್ಲಿ ಬೂದಿಯ ರುಚಿ ಎದ್ದು ಬರುತ್ತದೆ. 2020ರ ಬೆಂಕಿಯ ನಂತರ ಕ್ಯಾಲಿಫೋರ್ನಿಯಾದ ನಾಪಾದಲ್ಲಿ ಹಲವರು ಆ ವರ್ಷ ಕೆಂಪು ವೈನನ್ನೇ ಮಾಡಲಿಲ್ಲ. ಹೊಗೆ ಕವಿದ ವರ್ಷ ಕೊಯ್ಲಿಗೆ ಮುಂಚೆ ಒಂದು ಬಕೆಟ್ ಹಣ್ಣು ಹುದುಗಿಸಿ, ಮೂಸಿ, ಕುಡಿದು, ಸಾಧ್ಯವಾದರೆ ಪ್ರಯೋಗಾಲಯಕ್ಕೂ ಕಳಿಸಿ ಆಮೇಲೆ ತೀರ್ಮಾನ ಮಾಡಿ.

ಹೊಸದಾಗಿ ನೆಡುವುದಾದರೆ

ಇಂದು ನೆಟ್ಟ ಬಳ್ಳಿ ಮೂರನೇ ವರ್ಷಕ್ಕೆ ಮೊದಲ ಬೆಳೆ ಕೊಟ್ಟು ಮೂವತ್ತು ನಲವತ್ತು ವರ್ಷ ಇರುತ್ತದೆ. 2050ರ ಬೇಸಿಗೆಗೆ ಯಾವುದು ತಾಳುತ್ತದೆ ಅಂತ ಯೋಚಿಸಿ ನೆಡಬೇಕು, ಈಗ ಯಾವುದು ಮಾರಾಟವಾಗುತ್ತದೆ ಅಂತಲ್ಲ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹನ್ನೊಂದು ತಳಿ ಇಟ್ಟುಕೊಂಡು ಲೆಕ್ಕ ಹಾಕಿತ್ತು. ಭೂಮಿ 2 ಡಿಗ್ರಿ ಬಿಸಿಯಾದರೆ ಈಗಿನ ವೈನ್ ಪ್ರದೇಶಗಳ ಶೇಕಡಾ 56ರಷ್ಟು ಕೈಬಿಟ್ಟು ಹೋಗಬಹುದು, ಆದರೆ ತಳಿ ಬದಲಾಯಿಸಿಕೊಂಡರೆ ಆ ನಷ್ಟ ಶೇಕಡಾ 24ಕ್ಕೆ ಇಳಿಯುತ್ತದೆ. 4 ಡಿಗ್ರಿಯಾದರೆ ತಳಿ ಬದಲಿಸಿದರೂ ಶೇಕಡಾ 58ರಷ್ಟು ಹೋಗುತ್ತದೆ. ಹೆಸರಿನ ಮೇಲಿನ ಮೋಹ ಬಿಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು, ಆದರೆ ಫ್ರಾನ್ಸಿನ ಹೆಸರಾಂತ ವೈನ್ ಪ್ರದೇಶ ಬೋರ್ಡೋದವರೇ ಬಿಟ್ಟಿದ್ದಾರೆ. ಅಲ್ಲಿನ ಕೆಂಪು ತಳಿ ಮೆರ್ಲೋ ಬೇಗ ಹಣ್ಣಾಗಿ ಕಾಟ ಕೊಡತೊಡಗಿದ ಮೇಲೆ 2021ರಲ್ಲಿ ಅಲ್ಲಿ ಆರು ಹೊಸ ತಳಿಗೆ ಒಪ್ಪಿಗೆ ಸಿಕ್ಕಿತು. ಪೋರ್ಚುಗಲ್‌ನ ಟೂರಿಗಾ ನಾಸಿಯೊನಾಲ್ ಮತ್ತು ಆಲ್ವಾರಿನ್ಯೊ ಅದರಲ್ಲಿವೆ. ತೋಟದ ಶೇಕಡಾ 5ನ್ನು, ವೈನ್‌ನ ಶೇಕಡಾ 10ನ್ನು ಮೀರಬಾರದು ಅನ್ನುವ ಮಿತಿ ಇದೆ. ಸಣ್ಣದಾಗಿ ಶುರು ಮಾಡುವ ಈ ರೀತಿ ನನಗೆ ಸರಿ ಅನ್ನಿಸುತ್ತದೆ.

ರೂಟ್‌ಸ್ಟಾಕ್ (ತಳಿಯನ್ನು ಕಸಿ ಕಟ್ಟುವ ಬೇರಿನ ಗಿಡ) ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ, ತಳಿಯಷ್ಟೇ ಮುಖ್ಯ ಅದು. 110 ರಿಕ್ಟರ್, 140 ರುಗ್ಗೇರಿ, 1103 ಪೌಲ್ಸೆನ್ ಬರ ತಾಳುತ್ತವೆ. ರಿಪೇರಿಯಾ ಗ್ಲೊಯರ್ ತಾಳುವುದಿಲ್ಲ. ಜಾಗ ಆರಿಸುವ ಅವಕಾಶ ಇದ್ದರೆ ಎತ್ತರಕ್ಕೆ ಹೋಗಿ, ನೂರು ಮೀಟರ್‌ಗೆ ಸುಮಾರು 0.6 ಡಿಗ್ರಿ ತಂಪು ಸಿಗುತ್ತದೆ, ರಾತ್ರಿ ತಂಪಾದರೆ ಹುಳಿ ಉಳಿಯುತ್ತದೆ. ಫ್ರಾನ್ಸಿನಲ್ಲಿ ಷಾಂಪೇನ್ ವೈನ್ ತಯಾರಿಸುವ ಟೈಟಿಂಜರ್ ಸಂಸ್ಥೆಯವರು 2015ರಲ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲಿ ಜಮೀನು ಕೊಂಡಿದ್ದು ಉತ್ತರಕ್ಕೆ ಹೋಗುವ ಇದೇ ಯೋಚನೆಯಿಂದ. ಆದರೆ ಹೊಸ ಜಾಗ ಅಂದರೆ ಕಾಡು ಕಡಿಯುವುದು, ಇನ್ನೊಬ್ಬರ ನೀರಿಗೆ ಕೈ ಹಾಕುವುದು ಆದರೆ ಅದನ್ನು ನಾನು ಒಪ್ಪುವುದಿಲ್ಲ. ಕಟ್ಟುವ ರೀತಿಯನ್ನೂ ಯೋಚಿಸಿ. ಗ್ರೀಸಿನ ಸ್ಯಾಂಟೊರಿನಿಯಲ್ಲಿ ಆಸಿರ್ಟಿಕೊ ಬಳ್ಳಿಯನ್ನು ನೆಲದ ಮೇಲೆ ಬುಟ್ಟಿ ಹೆಣೆದ ಹಾಗೆ ಸುತ್ತುತ್ತಾರೆ, ಗೊಂಚಲು ಆ ಬುಟ್ಟಿಯೊಳಗೆ ನೆರಳಲ್ಲಿ ಬೆಳೆಯುತ್ತದೆ, ಬಿರುಗಾಳಿಯೂ ತಾಗುವುದಿಲ್ಲ. ಆ ಒಣ ದ್ವೀಪದಲ್ಲಿ, ಆ ಬಿಸಿಲಲ್ಲಿ, ಹುಳಿ ಕಳೆದುಕೊಳ್ಳದ ಬಿಳಿ ವೈನ್ ಬರುತ್ತದೆ.

ಹಳೆಯ ಬಳ್ಳಿ ಕೀಳಲು ಅವಸರ ಮಾಡಬೇಡಿ. ಅದರ ಬೇರು ಆಳಕ್ಕೆ ಇಳಿದಿರುತ್ತದೆ. ಕಾಂಡದ ಮೇಲೆ ಹೊಸ ತಳಿಯ ಕಸಿ ಕಟ್ಟಿದರೆ ಬೇರು ಉಳಿಯುತ್ತದೆ, ಬೆಳೆಯೂ ಬೇಗ ಸಿಗುತ್ತದೆ.

ಈ ಸಲ ಒಂದು ಸಾಲು ಆರಿಸಿಕೊಳ್ಳಿ. ಅರ್ಧ ಸಾಲಿಗೆ ಯಾವಾಗಿನಂತೆ ಚಾಟ್ನಿ ಮಾಡಿ, ಉಳಿದ ಅರ್ಧಕ್ಕೆ ತಡವಾಗಿ ಮಾಡಿ, ಕಂಬಕ್ಕೆ ಬಣ್ಣದ ದಾರ ಕಟ್ಟಿ ಗುರುತಿಟ್ಟುಕೊಳ್ಳಿ. ಕೊಯ್ಲಿಗೆ ಎರಡು ವಾರ ಇರುವಾಗ ದಾರದ ಆ ಕಡೆಯಿಂದ ಹತ್ತು ಹಣ್ಣು, ಈ ಕಡೆಯಿಂದ ಹತ್ತು ಹಣ್ಣು ಕಿತ್ತು, ಒಂದೊಂದರ ಬೀಜವನ್ನೂ ಕಚ್ಚಿ ನೋಡಿ.