ಗ್ರೆನಡಾ: ಗ್ರೆನ್‌ವಿಲ್ ಸಂತೆ, ಸೆವೆನ್ ಸಿಸ್ಟರ್ಸ್ ಜಲಪಾತ ಒಂದೇ ದಿನದಲ್ಲಿ

ಕೆರಿಬಿಯನ್ ದ್ವೀಪರಾಷ್ಟ್ರ ಗ್ರೆನಡಾಕ್ಕೆ ಹೋಗುವವರು ಶನಿವಾರ ಬೆಳಿಗ್ಗೆಯೇ ರಾಜಧಾನಿ ಸೇಂಟ್ ಜಾರ್ಜಸ್‌ನಿಂದ 6ನೇ ನಂಬರಿನ ಮಿನಿಬಸ್ಸಿನಲ್ಲಿ ಗ್ರೆನ್‌ವಿಲ್ ಪಟ್ಟಣಕ್ಕೆ ಹೋಗಿ, ಸಂತೆಯಲ್ಲಿ ಜಾಯಿಕಾಯಿ, ಜಾಪತ್ರೆಗಳನ್ನು ಕೊಂಡು, ಮರಳುವಾಗ ಸೆವೆನ್ ಸಿಸ್ಟರ್ಸ್ ಜಲಪಾತದ ದಾರಿಯ ಬಳಿ ಇಳಿದುಕೊಳ್ಳಿ. ಈ ಬಸ್ಸು ಜಲಪಾತವಿರುವ, ದ್ವೀಪದ ನಡುವಿನ ಗ್ರ್ಯಾಂಡ್ ಎಟಾಂಗ್ ಮಳೆಕಾಡನ್ನು ದಾಟಿಯೇ ಸಾಗುವುದರಿಂದ ಪ್ರತ್ಯೇಕ ಟ್ಯಾಕ್ಸಿ ಬೇಕಾಗುವುದಿಲ್ಲ. ಸಂತೆಯೂ ಶನಿವಾರವೇ ಹೆಚ್ಚು ತುಂಬಿರುತ್ತದೆ. ಸಣ್ಣ ವ್ಯಾಪಾರಿಗಳಿಗೆ ಚಿಲ್ಲರೆಯ ತೊಂದರೆಯಾಗದಂತೆ ಪೂರ್ವ ಕೆರಿಬಿಯನ್ ಡಾಲರಿನ ಸಣ್ಣ ನೋಟುಗಳನ್ನು ಇಟ್ಟುಕೊಳ್ಳಿ (1 ಅಮೆರಿಕನ್ ಡಾಲರಿಗೆ 2.70ರ ಸ್ಥಿರ ದರವಿದೆ). ಭಾನುವಾರ ಬಸ್ಸುಗಳು ತೀರ ವಿರಳವಾದ್ದರಿಂದ ಈ ಉಪಾಯ ನಡೆಯದು. ಜೂನ್‌ನಿಂದ ಡಿಸೆಂಬರ್‌ವರೆಗಿನ ಮಳೆಗಾಲದಲ್ಲಿ, ಊರಿನಲ್ಲಿ ಬಿಸಿಲಿದ್ದರೂ ಬೆಟ್ಟದಲ್ಲಿ ಮಳೆ ಸುರಿದು ಕಾಲುದಾರಿ ಕೆಸರಾಗಿ ಜಾರುತ್ತದೆ. ನೀರು ಕೆಂಪಗೆ ತಿರುಗಿದ್ದರೆ ದಯವಿಟ್ಟು ಜಲಪಾತದ ಕೆಳಗಿನ ಕೊಳಕ್ಕೆ ಇಳಿಯಬೇಡಿ.