ಮೊದ್ಲು ಕ್ಷಮೆ, ಆಮೇಲೆ ಬಿಡೋದು: ಬೆಟ್ಟಿಂಗ್ ಆ್ಯಪ್‌ನಿಂದ ಹೊರಗೆ ಬಂದ ನನ್ನ ಅನುಭವ

ಮೊಬೈಲ್‌ನಲ್ಲಿ ಬೆಟ್ಟಿಂಗ್ ಆಡದೆ ಮೂರು ವರ್ಷದ ಮೇಲಾಯ್ತು. ಮತ್ತೆ ಆಡಿ ಬಿದ್ರೆ ತಕ್ಷಣ ಕ್ಷಮೆ ಕೇಳಿ, ಕ್ಷಮೆ ಆಯ್ತು ಅಂತ ನಂಬೋ ನನ್ನ ರೀತಿ ಕೇಳಿ ನಮ್ಮ ಚರ್ಚ್ ಸಭೆಯ ಹಿರಿಯರೊಬ್ರು "ಇದು ಪಾಪಕ್ಕೆ ಲೈಸೆನ್ಸ್ ಕೊಟ್ಟ ಹಾಗಾಯ್ತು ಬ್ರದರ್" ಅಂದಿದ್ರು, ಇನ್ನೊಬ್ರು ಆರು ತಿಂಗಳೂ ನಡೆಯಲ್ಲ ಬಿಡಿ ಅಂತ ಮುಖಕ್ಕೇ ಹೇಳಿದ್ರು. ಈಗ ಅವರೇ ಹುಡುಗರನ್ನ ನನ್ನ ಹತ್ರ ಕಳಿಸ್ತಾರೆ. ಜಂಬ ಅಂತೀರಾ, ಅನ್ನಿ ಪರವಾಗಿಲ್ಲ. ಪಾಪ ಅಂದ್ರೇನು ಕೃಪೆ ಅಂದ್ರೇನು ಅಂತೆಲ್ಲ ಇಲ್ಲಿ ಬರಿಯಲ್ಲ, ಸಂಡೇ ಸ್ಕೂಲಿಂದ ಕೇಳ್ಕೊಂಡು ಬಂದೋರಿಗೆ ಅದು ಬೇಕಾಗಿಲ್ಲ.

ಫೇಲಾಗಿದ್ದು ಮೊದ್ಲು ಹೇಳ್ತೀನಿ, ಯಾಕಂದ್ರೆ ನಿಮ್ಮಲ್ಲಿ ಮುಕ್ಕಾಲು ಜನ ಈಗ್ಲೂ ಅದನ್ನೇ ಮಾಡ್ತಿರ್ತೀರ.

ಎಲ್ಲಕ್ಕಿಂತ ಮೊದಲನೇದು ಆಣೆ. ಸೋತ ರಾತ್ರಿ ಮೊಣಕಾಲೂರಿ ಅತ್ತು, ಕರ್ತನೇ ಇನ್ಮೇಲೆ ಮುಟ್ಟಲ್ಲ ಅಂತ ಮಾತು ಕೊಡೋದು, ಸಂಬಳ ಬಂದ ವಾರ ಮುರಿಯೋದು. ಬೈಬಲ್‌ನ ಪ್ರಸಂಗಿ ಪುಸ್ತಕದ 5ನೇ ಅಧ್ಯಾಯದಲ್ಲಿ ಹರಕೆ ಮಾಡಿ ತೀರಿಸದೆ ಇರೋದಕ್ಕಿಂತ ಮಾಡದೇ ಇರೋದೇ ವಾಸಿ ಅಂತ ಸ್ಪಷ್ಟವಾಗಿದೆ, ನಾನು ಅದನ್ನ ಓದಿ ಅಂಡರ್‌ಲೈನ್ ಮಾಡಿ ಮತ್ತೆ ಹರಕೆ ಮಾಡ್ತಿದ್ದೆ. ಆಮೇಲೆ ಆ್ಯಪ್ ಡಿಲೀಟ್ ಮಾಡೋದು, ಅದರ ಬಗ್ಗೆ ಏನೂ ಹೇಳೋ ಹಾಗಿಲ್ಲ, ವಾಪಸ್ ಹಾಕ್ಕೊಳ್ಳೋಕೆ ಎರಡು ನಿಮಿಷ ಸಾಕು. ಆಮೇಲೆ ಉಪವಾಸ. ಉಪವಾಸ ಒಳ್ಳೇದೇ, ನಾನು ಈಗ್ಲೂ ಮಾಡ್ತೀನಿ, ಆದ್ರೆ ಇದಕ್ಕೆ ಮಾತ್ರ ನನಗೆ ಉಲ್ಟಾ ಹೊಡೀತು. ಉಪವಾಸ ಬಿಟ್ಟ ಸಂಜೆ "ಇಷ್ಟು ಮಾಡಿದೀನಲ್ಲ" ಅನ್ನೋ ಒಂದು ಗತ್ತು ಬರುತ್ತೆ ನೋಡಿ, ಅದರ ಹಿಂದೇನೇ ಕೈ ಮೊಬೈಲಿಗೆ ಹೋಗೋದು.

ಎಲ್ಲಕ್ಕಿಂತ ಕೆಟ್ಟದಾಗಿ ಹೊಡೆದಿದ್ದು ಸಾಕ್ಷಿ, ಅಂದ್ರೆ ದೇವರು ನನಗೇನು ಮಾಡಿದ ಅಂತ ಸಭೆ ಮುಂದೆ ಹೇಳೋದು. ಒಂದು ಭಾನುವಾರ ಸ್ಟೇಜ್ ಹತ್ತಿ ಬಿಡುಗಡೆ ಸಿಕ್ತು ಅಂತ ಸಾಕ್ಷಿ ಹೇಳಿದೆ, ಎಲ್ರೂ ಹಲ್ಲೆಲೂಯ ಅಂದ್ರು, ಹದಿನೈದು ದಿನಕ್ಕೆ ಮತ್ತೆ ಆಡಿದೆ, ಈಗ ಯಾರಿಗೆ ಹೇಳೋದು? ಮುಂಚೆ ಬೆಟ್ಟಿಂಗ್ ಒಂದೇ ಮುಚ್ಚಿಡಬೇಕಿತ್ತು, ಆಮೇಲೆ ಆ ಸಾಕ್ಷಿಯನ್ನೂ ಕಾಪಾಡ್ಕೊಬೇಕಾಯ್ತು. ಅದಕ್ಕೇ ನನ್ನ ಹತ್ರ ಬರೋ ಹುಡುಗರಿಗೆ ಒಂದು ವರ್ಷ ಸ್ಟೇಜ್ ಹತ್ತಬೇಡ ಅಂತೀನಿ. ಪಾಸ್ಟರ್‌ಗಳಿಗೆ ಇದು ಇಷ್ಟ ಆಗಲ್ಲ.

ದುಡ್ಡಿನ ಲೆಕ್ಕ. ನೆನಪಿಂದ ಹೇಳ್ತಿದೀನಿ, ಒಟ್ಟು ಹದಿಮೂರು ಹದಿನಾಲ್ಕು ತಿಂಗಳ ಸಂಬಳದಷ್ಟು ಹೋಗಿರ್ಬೇಕು. ಅದರಲ್ಲಿ ನನ್ನ ಸ್ವಂತದ್ದು ಮೂರನೇ ಒಂದು ಭಾಗ ಇದ್ರೆ ಹೆಚ್ಚು, ಮಿಕ್ಕಿದ್ದು ಲೋನ್ ಆ್ಯಪ್‌ದು, ಆಫೀಸ್ ಫ್ರೆಂಡ್ಸ್‌ದು, ಸಂಬಂಧಿಕರದ್ದು. ಸಂಬಂಧಿಕರ ಹತ್ರ ಆಸ್ಪತ್ರೆ ಖರ್ಚು ಅಂತ ಸುಳ್ಳು ಹೇಳಿ ತಗೊಂಡಿದ್ದು. ಗೆದ್ದಾಗ ಏನ್ ಮಾಡ್ತಿದ್ದೆ ಅಂದ್ರೆ ಚರ್ಚಿಗೆ ದಶಮಾಂಶ ಕೊಡ್ತಿದ್ದೆ! ಹತ್ತರಲ್ಲಿ ಒಂದು ಅಲ್ಲ, ಕೆಲವು ಸಲ ಹತ್ತರಲ್ಲಿ ಎರಡು ಮೂರು, ದೇವರಿಗೆ ಕಮಿಷನ್ ಕೊಟ್ಟ ಹಾಗೆ. ಯೇಸುವನ್ನ ಹಿಡ್ಕೊಟ್ಟ ಯೂದ ವಾಪಸ್ ಎಸೆದ ಮೂವತ್ತು ಬೆಳ್ಳಿ ನಾಣ್ಯ ಕಾಣಿಕೆ ಪೆಟ್ಟಿಗೆಗೆ ಹಾಕಬಾರದು ಅಂತ ಆ ಮಹಾಯಾಜಕರಿಗೂ ಗೊತ್ತಿತ್ತು, ಮತ್ತಾಯ 27ರಲ್ಲಿದೆ, ನನಗೆ ಅಷ್ಟೂ ಗೊತ್ತಾಗ್ಲಿಲ್ಲ. ಇನ್ನು "ಜೂಜಾಡಬಾರದು ಅಂತ ಬೈಬಲ್‌ನಲ್ಲಿ ಎಲ್ಲಿದೆ, ಅಪೊಸ್ತಲರೇ ಚೀಟು ಹಾಕಿದ್ರಲ್ಲ" ಅನ್ನೋ ವಾದ ನನ್ನದೂ ಆಗಿತ್ತು. ಯೂದನ ಜಾಗಕ್ಕೆ ಮತ್ತೀಯನನ್ನ ಅಪೊಸ್ತಲನಾಗಿ ಆರಿಸೋಕೆ ಹಾಕಿದ ಚೀಟಲ್ಲಿ ಯಾರೂ ಯಾರ ದುಡ್ಡೂ ಹೊಡ್ಕೊಂಡಿರ್ಲಿಲ್ಲ, ಅಷ್ಟೇ ಹೇಳ್ತೀನಿ.

ಈಗ ವರ್ಕ್ ಆಗಿದ್ದು. ನಾನು ಅಲ್ಲೀವರೆಗೂ ಅನ್ಕೊಂಡಿದ್ದ ಆರ್ಡರ್ ಏನಂದ್ರೆ ಮೊದ್ಲು ಬಿಡ್ಬೇಕು, ಸ್ವಲ್ಪ ದಿನ ಕ್ಲೀನ್ ಆಗಿರ್ಬೇಕು, ಆಮೇಲೆ ಧೈರ್ಯವಾಗಿ ದೇವರ ಮುಂದೆ ಹೋಗಿ ಕ್ಷಮೆ ಕೇಳ್ಬೇಕು. ಬಿದ್ದ ಮೇಲೆ ಒಂದೆರಡು ವಾರ ಪ್ರಾರ್ಥನೇನೇ ಮಾಡ್ತಿರ್ಲಿಲ್ಲ, ಮುಖ ಇರ್ಲಿಲ್ಲ. ಆ ಎರಡು ವಾರದಲ್ಲೇ ಮತ್ತೆ ನಾಲ್ಕು ಸಲ ಬೀಳೋದು, ಹೇಗೂ ಹಾಳಾಗಿದೆ ಅಂತ. ಲೂಕ 15, ಆಸ್ತಿ ಹಾಳು ಮಾಡಿ ಅಪ್ಪನ ಹತ್ರ ವಾಪಸ್ ಬಂದ ಮಗನ ಕಥೆ, ಎಷ್ಟು ಸಲ ಓದಿಲ್ಲ ನಾವು, ಆದ್ರೆ ಒಂದು ರಾತ್ರಿ ಓದ್ವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಆ ಕಿರಿಮಗ ಹಂದಿ ಮೇಯಿಸ್ತಾ ಮಾತು ರೆಡಿ ಮಾಡ್ಕೊಂಡಿದ್ದ, ಪಾಪ ಮಾಡಿದೀನಿ, ಮಗ ಅನ್ನಿಸ್ಕೊಳ್ಳೋ ಯೋಗ್ಯತೆ ಇಲ್ಲ, ನನ್ನನ್ನ ಕೂಲಿಯವನ ಥರ ಇಟ್ಕೋ ಅಂತ. ತಂದೆ ಎದುರಿಗೆ ಬಂದಾಗ ಆ ಕೂಲಿ ಮಾತು ಅವನ ಬಾಯಿಂದ ಬರೋದೇ ಇಲ್ಲ, ಅಷ್ಟರಲ್ಲಿ ತಂದೆ ನಿಲುವಂಗಿ ತನ್ನಿ ಉಂಗುರ ತನ್ನಿ ಅಂತ ಆಳುಗಳಿಗೆ ಹೇಳ್ತಿದಾನೆ. ನಾನು ವರ್ಷಗಟ್ಟಲೆ ಆ ಮೂರನೇ ಮಾತಲ್ಲೇ ಸಿಕ್ಕಾಕ್ಕೊಂಡಿದ್ದೆ, ಕೂಲಿ ಮಾಡಿ ತೀರಿಸ್ತೀನಿ ಅಂತ. ಸುಂಕ ವಸೂಲಿ ಮಾಡ್ತಿದ್ದ ಜಕ್ಕಾಯಂದೂ ಹಾಗೇ, ಯೇಸು ಅವನ ಮನೆಗೆ ಬರ್ತೀನಿ ಅಂದಿದ್ದು ಮೊದ್ಲು, ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂತ ಅವನು ಅಂದಿದ್ದು ಆಮೇಲೆ. ಯೋಹಾನ 8ರಲ್ಲಿ ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿಗೂ "ನಾನೂ ನಿನಗೆ ಶಿಕ್ಷೆ ವಿಧಿಸಲ್ಲ" ಮೊದ್ಲು, "ಇನ್ನು ಪಾಪ ಮಾಡಬೇಡ" ಆಮೇಲೆ.

ಹಾಗಾಗಿ ರೂಲ್ ಬದಲಾಯಿಸಿದೆ. ಬಿದ್ರೆ ಅದೇ ಗಂಟೆಯಲ್ಲಿ, ಮೊಬೈಲ್ ಇನ್ನೂ ಕೈಯಲ್ಲಿರೋವಾಗ್ಲೇ ಅರಿಕೆ, ಪಾಪ ಅರಿಕೆ ಮಾಡಿದ್ರೆ ದೇವರು ಕ್ಷಮಿಸ್ತಾನೆ ಅನ್ನೋ 1 ಯೋಹಾನ 1:9 ಜೋರಾಗಿ ಹೇಳೋದು, ಕ್ಷಮೆ ಆಯ್ತು ಅಂತ ನಂಬೋದು, ಅಳು ಬರ್ಲಿ ಬಿಡ್ಲಿ. ಲೈಸೆನ್ಸ್ ಅಂದಿದ್ದು ಇದಕ್ಕೇ. ಕೃಪೆ ಹೆಚ್ಚಲಿ ಅಂತ ಪಾಪ ಮಾಡ್ತಾನೇ ಇರೋಣವಾ ಅಂತ ಕೇಳೋ ರೋಮಾಪುರ 6:1 ನನಗೂ ಗೊತ್ತು ಸ್ವಾಮಿ. ಆದ್ರೆ ನಡೆದಿದ್ದು ಏನು, ಮುಂಚೆ ಒಂದು ಸಲ ಬಿದ್ರೆ ಎರಡು ವಾರ ಹೋಗ್ತಿತ್ತು, ಈಗ ಒಂದು ರಾತ್ರಿಗೆ ನಿಂತ್ಹೋಯ್ತು. ಮೊದಲ ತಿಂಗಳುಗಳಲ್ಲಿ ಮೂರೋ ನಾಲ್ಕೋ ಸಲ ಬಿದ್ದಿರ್ಬಹುದು, ಆಮೇಲೆ ಇಲ್ಲ.

ಎರಡನೇದು, ಬೀಳೋದಕ್ಕಿಂತ ಮುಂಚೆ ಹೇಳೋದು. ಇಬ್ರಿಯ 4:15ರಲ್ಲಿ ಯೇಸು ಎಲ್ಲಾ ವಿಷಯದಲ್ಲೂ ನಮ್ಮ ಹಾಗೇ ಶೋಧನೆಗೆ, ಅಂದ್ರೆ ಪಾಪದ ಕಡೆ ಎಳೆಯೋ ಪರೀಕ್ಷೆಗೆ ಒಳಗಾದ, ಪಾಪ ಮಾತ್ರ ಮಾಡ್ಲಿಲ್ಲ ಅಂತಿದೆ, ಅಂದ್ರೆ ಆಸೆ ಬಂತು ಅನ್ನೋದು ನಾಚಿಕೆ ವಿಷಯ ಅಲ್ಲ. ಯಾಕೋಬ 1ರಲ್ಲೂ ಆಶೆ ಬಸುರಾಗಿ ಆಮೇಲೆ ಪಾಪವನ್ನ ಹೆರುತ್ತೆ ಅಂತಿರೋದು, ನಡುವೆ ಟೈಮ್ ಇದೆ. ಆ ಟೈಮಲ್ಲಿ ನಾನು ಒಬ್ರಿಗೆ ಮೆಸೇಜ್ ಮಾಡ್ತೀನಿ. ಇದೇನು ನಾನು ಕಂಡುಹಿಡಿದಿದ್ದಲ್ಲ, 1738ರಲ್ಲಿ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ ತನ್ನ ಸಣ್ಣ ಗುಂಪುಗಳಿಗೆ ಮಾಡಿದ ಪ್ರಶ್ನೆಗಳಲ್ಲಿ ಏನು ಪಾಪ ಮಾಡಿದೆ ಅನ್ನೋದರ ಜೊತೆಗೆ ಯಾವ ಶೋಧನೆ ಬಂತು, ಹೇಗೆ ತಪ್ಪಿಸಿಕೊಂಡೆ ಅನ್ನೋದೂ ಇತ್ತು. ನಮ್ಮ ಫೆಲೋಶಿಪ್‌ಗಳಲ್ಲಿ ಮೊದಲನೇದನ್ನೇ ಕೇಳಲ್ಲ, ಇನ್ನು ಎರಡನೇದು ಎಲ್ಲಿಂದ.

ಯಾರಿಗೆ ಹೇಳೋದು ಅನ್ನೋದ್ರಲ್ಲೇ ಎಲ್ಲಾ ಇದೆ. ಹೆಂಡತಿಗೆ ವಿಷಯ ಎಲ್ಲಾ ಗೊತ್ತು, ಆದ್ರೆ ರಾತ್ರಿ ಹನ್ನೊಂದಕ್ಕೆ ಬರೋ ಮೆಸೇಜ್ ಅವಳಿಗೆ ಹೋಗ್ಬಾರ್ದು, ಆ ಭಾರ ಅವಳದ್ದಲ್ಲ. ಪಾಸ್ಟರ್‌ಗೂ ಬೇಡ, ಅವರು ಪ್ರಸಂಗ ಶುರು ಮಾಡ್ತಾರೆ. ನನಗೆ ಸಿಕ್ಕಿದ ಅಣ್ಣ ಕುಡಿತದಿಂದ ಹೊರಗೆ ಬಂದವರು, ಉತ್ತರಕ್ಕೆ ಒಂದು ವಚನದ ನಂಬರ್ ಹಾಕ್ತಾರೆ, ಬೇರೆ ಒಂದಕ್ಷರ ಇಲ್ಲ. ಯೂದನನ್ನ ನೋಡಿ, ಅವನು ಪಶ್ಚಾತ್ತಾಪ ಪಟ್ಟ, ಪಾಪ ಮಾಡಿದೆ ಅಂತ ಬಾಯಿಬಿಟ್ಟು ಹೇಳ್ದ, ದುಡ್ಡೂ ವಾಪಸ್ ಕೊಟ್ಟ, ಹೇಳಿದ್ದು ಮಾತ್ರ ಯಾಜಕರಿಗೆ, ಅವರು "ಅದು ನಮಗೇನು, ನೀನೇ ನೋಡ್ಕೋ" ಅಂದ್ಬಿಟ್ರು. ಯೇಸು ಯಾರೋ ಗೊತ್ತಿಲ್ಲ ಅಂದಿದ್ದ ಪೇತ್ರನೂ ಅತ್ತ, ಆದ್ರೆ ಶಿಷ್ಯರ ಜೊತೆಗೇ ಉಳ್ಕೊಂಡ. ಮೆಸೇಜಲ್ಲಿ ನಾವು ಬಳಸೋ ಒಂದು ಕೋಡ್ ಮಾತಿದೆ, ಅದನ್ನ ಓದಿದ್ರೆ ಅವರು ಏನೇ ಕೆಲ್ಸ ಇದ್ರೂ ಫೋನ್ ಮಾಡ್ತಾರೆ. ಅದು ಏನು ಅಂತ ಇಲ್ಲಿ ಹೇಳಲ್ಲ, ಅದು ನಿಮ್ಮದೇ ಆಗಿರ್ಬೇಕು.

ಮಧ್ಯದಲ್ಲಿ ಒಂದು ಪ್ರಯೋಗ ಮಾಡಿದೆ. ಇಗ್ನೇಷಿಯಸ್ ಲೊಯೋಲ ಅನ್ನೋ 16ನೇ ಶತಮಾನದ ಕ್ಯಾಥೊಲಿಕ್ ಸಂತ ಒಂದು ಲೆಕ್ಕ ಹೇಳ್ಕೊಟ್ಟಿದಾರೆ, ದಿನಕ್ಕೆ ಎರಡು ಗೆರೆ, ಒಂದೇ ಒಂದು ಪಾಪ ಆರಿಸ್ಕೊಂಡು ಎಷ್ಟು ಸಲ ಬಿದ್ದೆ ಅಷ್ಟು ಚುಕ್ಕೆ, ನಿನ್ನೆ ಇವತ್ತು ಹೋಲಿಸೋದು. ನಮ್ಮೋರು ಕೆಲವ್ರು ಕ್ಯಾಥೊಲಿಕ್ ಅಂದ ತಕ್ಷಣ ಮುಖ ತಿರುಗಿಸ್ತಾರೆ, ಆದ್ರೆ ಲೆಕ್ಕಕ್ಕೆ ಯಾವ ಡಿನಾಮಿನೇಷನ್ ರೀ? ನಾನು ಸ್ವಲ್ಪ ಬದಲಾಯಿಸಿ ಬಿದ್ದಿದ್ದಕ್ಕಲ್ಲ, ಆಸೆ ಬಂದಿದ್ದಕ್ಕೆ ಚುಕ್ಕೆ ಇಟ್ಟೆ. ಎರಡು ತಿಂಗಳಲ್ಲಿ ಗೊತ್ತಾಗಿದ್ದು ನೋಡಿ, ಸಂಬಳದ ವಾರ ಚುಕ್ಕೆ ಜಾಸ್ತಿ, ಅದು ಸರಿ, ಜಗಳ ಆದ ದಿನ ಜಾಸ್ತಿ, ಅದೂ ಸರಿ, ಆದ್ರೆ ಒಳ್ಳೆ ಪ್ರೇಯರ್ ಮೀಟಿಂಗ್ ಮುಗಿಸ್ಕೊಂಡು ಬಂದ ರಾತ್ರೀನೂ ಜಾಸ್ತಿ! ಅಣ್ಣನಿಗೆ ತೋರಿಸಿದ್ರೆ ನಕ್ಕುಬಿಟ್ರು, ಮತ್ತಾಯ 3 ಮುಗಿದ ತಕ್ಷಣ 4 ತಾನೇ ಅಂದ್ರು. ಯೇಸುಗೆ ದೀಕ್ಷಾಸ್ನಾನ ಆಗಿ ಪರಲೋಕದಿಂದ "ಈತನು ನನ್ನ ಪ್ರಿಯ ಮಗನು" ಅಂತ ಕೇಳಿಸ್ತು, ಅದರ ಹಿಂದೇನೇ ಅಡವಿ, ಅಲ್ಲಿ ಸೈತಾನನ ಶೋಧನೆ.

ವಚನಗಳ ಲಿಸ್ಟ್‌ನೂ ಮಾಡಿದ್ದೆ. 4ನೇ ಶತಮಾನದಲ್ಲಿ ಈಜಿಪ್ಟ್ ಮರುಭೂಮೀಲಿದ್ದ ಎವಾಗ್ರಿಯಸ್ ಅನ್ನೋ ಸನ್ಯಾಸಿ ಕೆಟ್ಟ ಯೋಚನೆಗಳನ್ನ ಎಂಟು ಗುಂಪು ಮಾಡಿ ಒಂದೊಂದಕ್ಕೂ ತಿರುಗಿ ಹೇಳೋಕೆ ಸುಮಾರು ಐನೂರು ವಚನ ಕೂಡಿಸಿಟ್ಟಿದ್ರು. ನನ್ನದು ಇಪ್ಪತ್ತರ ಆಸುಪಾಸು, ಅರ್ಧ ಯಾವ ಕೆಲ್ಸಕ್ಕೂ ಬರ್ಲಿಲ್ಲ. ಉಳಿದಿದ್ರಲ್ಲಿ ಇಬ್ರಿಯ 13:5 ಮತ್ತೆ ಜ್ಞಾನೋಕ್ತಿ 13:11, ಎರಡೂ ದುಡ್ಡಿನ ಬಗ್ಗೇನೇ. ಆ ಅಡವೀಲಿ ಯೇಸು ಸೈತಾನನಿಗೆ ಮೂರು ಸಲಾನೂ ಉತ್ತರ ಕೊಟ್ಟಿದ್ದು ಧರ್ಮೋಪದೇಶಕಾಂಡದಿಂದಾನೇ, 8ನೇ ಮತ್ತೆ 6ನೇ ಅಧ್ಯಾಯ, ಸಿಕ್ಕಸಿಕ್ಕ ಕಡೆಯಿಂದ ತೆಗೆದಿದ್ದಲ್ಲ. ಹಾಗಂತ ವಚನ ಮಂತ್ರ ಅಲ್ಲ, ಸೈತಾನನೂ ಅಲ್ಲಿ 91ನೇ ಕೀರ್ತನೆ ಹೇಳ್ತಾನೆ.

ಇನ್ನು ಸಾಲ ತೀರಿಸಿದ್ದು. ದೇವರು ಕ್ಷಮಿಸಿದ ಅಂತ ಸಾಲ ಕೊಟ್ಟವನು ಸುಮ್ನಿರಲ್ಲ. ಪ್ರವಾದಿ ನಾತಾನ ರಾಜ ದಾವೀದನಿಗೆ ಕರ್ತನು ನಿನ್ನ ಪಾಪ ಕ್ಷಮಿಸಿದಾನೆ ಅಂದ, ಹಿಂದೇನೇ ನಿನ್ನ ಮಗು ಸಾಯುತ್ತೆ ಅಂತಾನೂ ಹೇಳ್ದ. ಜಕ್ಕಾಯನ ನಾಲ್ಕರಷ್ಟು ನನ್ನ ಕೈಲಿ ಆಗಲ್ಲ, ಆದ್ರೆ ಅರಣ್ಯಕಾಂಡ 5ರಲ್ಲಿ ಪಾಪ ಅರಿಕೆ ಮಾಡಿ, ತಗೊಂಡಿದ್ದು ಪೂರ್ತಿ ಕೊಟ್ಟು, ಐದರಲ್ಲಿ ಒಂದು ಪಾಲು ಸೇರಿಸಿ ಕೊಡ್ಬೇಕು ಅಂತಿದೆ, ಅದನ್ನ ಹಿಡ್ಕೊಂಡೆ. ಸಂಬಳ ನೇರ ಹೆಂಡತಿ ಅಕೌಂಟಿಗೆ. ಬಡ್ಡಿ ಬೆಳೀತಿದ್ದ ಲೋನ್ ಆ್ಯಪ್‌ಗಳು ಮೊದ್ಲು, ಅವುಗಳಿಗೆ ಐದನೇ ಪಾಲು ಸೇರಿಸ್ಲಿಲ್ಲ, ಅವರೇ ಸಾಕಷ್ಟು ಸೇರಿಸ್ಕೊಂಡಿದ್ರು. ಅವರ ಜೊತೆ ಬಡ್ಡಿ ಹೇಗೆ ಇಳಿಸ್ಕೊಂಡೆ ಅನ್ನೋದು ಎದುರಿಗೆ ಸಿಕ್ಕವರಿಗೆ ಮಾತ್ರ ಹೇಳ್ತೀನಿ. ಆಮೇಲೆ ಸುಳ್ಳು ಹೇಳಿ ತಗೊಂಡಿದ್ದು, ಕೊನೆಗೆ ನಿಜ ಹೇಳಿ ತಗೊಂಡಿದ್ದು. ಎಲ್ಲಾ ತೀರೋಕೆ ಎರಡೂವರೆ ವರ್ಷ ಹಿಡೀತು. ಒಬ್ರು ಮೇಲಿನ ದುಡ್ಡು ಬೇಡ ಅಂತ ವಾಪಸ್ ಕೊಟ್ರು. ದೊಡ್ಡಪ್ಪನ ಮಗ ದುಡ್ಡು ಎಣಿಸ್ಕೊಂಡು, ಆಸ್ಪತ್ರೆ ಹೆಸರು ಹೇಳಿದ್ಯಲ್ಲೋ ಅಂತ ಒಂದೇ ಮಾತು ಅಂದು ಬಾಗಿಲು ಹಾಕ್ಕೊಂಡ, ಇವತ್ತಿಗೂ ಮಾತಿಲ್ಲ. ಅವನು ಕ್ಷಮಿಸ್ಬೇಕು ಅಂತ ಕೇಳೋ ಹಕ್ಕು ನನಗಿಲ್ಲ, ಮತ್ತಾಯ 18ರ ಎಪ್ಪತ್ತು ಏಳು ಸಲ ಕ್ಷಮಿಸ್ಬೇಕು ಅನ್ನೋ ಲೆಕ್ಕ ಅವನಿಗೆ ತೋರಿಸೋದು ನನ್ನ ಕೆಲ್ಸ ಅಲ್ಲ.

ರಾತ್ರಿ ಒಂಬತ್ತರಿಂದ ಹನ್ನೊಂದು ಖಾಲಿ ಉಳೀತು, ಅದೇ ಡೇಂಜರ್. ಗುಡಿಸಿ ಅಲಂಕಾರ ಮಾಡಿ ಖಾಲಿ ಬಿಟ್ಟ ಮನೆಗೆ ದೆವ್ವ ಇನ್ನೂ ಏಳು ದೆವ್ವ ಕರ್ಕೊಂಡು ಬಂತು ಅನ್ನೋದು ಮತ್ತಾಯ 12. ಹೊಲಿಗೆ ಕಲಿಯೋಕೆ ನೋಡ್ದೆ, ಬರ್ಲಿಲ್ಲ. ಮಕ್ಕಳಿಗೆ ಲೆಕ್ಕ ಹೇಳ್ಕೊಡೋಕೆ ಶುರು ಮಾಡ್ದೆ, ಅದು ಹಿಡೀತು, ಅದರಿಂದ ಬಂದ ದುಡ್ಡು ಸಾಲಕ್ಕೂ ಹೋಯ್ತು, ಎಫೆಸ 4:28ರ ಪ್ರಕಾರ ಕಷ್ಟದಲ್ಲಿರೋರಿಗೂ ಸ್ವಲ್ಪ ಹೋಯ್ತು.

ಹಿರಿಯರು ಈಗ ಕೇಳೋದು, ಇದು ಎಲ್ಲಾ ಪಾಪಕ್ಕೂ ನಡೆಯುತ್ತಾ ಅಂತ. ಕೋಪಕ್ಕೆ ಹಾಕಿ ನೋಡ್ತಿದೀನಿ, ಚುಕ್ಕೆ, ಮೆಸೇಜ್, ವಚನ, ಎಲ್ಲಾ ಅದೇ. ಸದ್ಯಕ್ಕೆ ಚೆನ್ನಾಗಿಲ್ಲ. ಬೆಟ್ಟಿಂಗ್‌ಗೆ ಲಾಗಿನ್ ಆಗೋಷ್ಟು ಹೊತ್ತಾದ್ರೂ ಸಿಗ್ತಿತ್ತು, ಕೋಪದಲ್ಲಿ ಮೆಸೇಜ್ ಟೈಪ್ ಮಾಡೋ ಅಷ್ಟರಲ್ಲಿ ಬೈದು ಮುಗಿದಿರುತ್ತೆ. ಪುಸ್ತಕದಲ್ಲಿ ಚುಕ್ಕೆ ಜಾಸ್ತಿ ಆಗ್ತಾನೇ ಇದೆ, ಯಾರಾದ್ರೂ ಇದಕ್ಕೆ ಏನಾದ್ರೂ ಮಾಡಿದ್ರೆ ಹೇಳಿ.