(*) ಅನ್ನೇ ಫಂಕ್ಷನ್ ಮಾಡಿ ಎಂದು ಕೇಳುವುದು ಹೇಗೆ?

ಕೋಲಾರದ ಟೊಮ್ಯಾಟೊ ಮಂಡಿಯವರಿಗೆ ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲೆಕ್ಕದ ಪ್ರೋಗ್ರಾಂ ಬರೆದುಕೊಡುತ್ತೇನೆ. ಬಾಕ್ಸ್‌ಗಳ ಪಟ್ಟಿ ಒಂದು, ದರದ ಪಟ್ಟಿ ಇನ್ನೊಂದು. ಎರಡನ್ನೂ ಸಾಲಾಗಿ ಗುಣಿಸಬೇಕು. ಪಟ್ಟಿಯ ಒಂದೊಂದಕ್ಕೂ ಫಂಕ್ಷನ್ ಹಚ್ಚುವ ‘ಮ್ಯಾಪ್’ಗೆ ಸುಮ್ನೆ ಗುಣಾಕಾರದ ಚಿಹ್ನೆ (*) ಕೊಟ್ಟರೆ ಸಾಕಲ್ವಾ? ಆಗುವುದಿಲ್ಲ. ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಬರೆಯಬೇಕು, ಇಲ್ಲವೇ ಆಪರೇಟರ್ ಮಾಡ್ಯೂಲ್‌ನಿಂದ ‘ಮಲ್’ ಎಂಬ ಗುಣಿಸುವ ಫಂಕ್ಷನ್ ತರಬೇಕು.

ಇದನ್ನು ಬದಲಿಸಿ ಎಂದು ಪೈಥಾನ್ ರೂಪಿಸುವವರನ್ನು ಕೇಳುವ ಮೊದಲು ನಿಜವಾದ ಕೋಡ್ ಆರಿಸಿಕೊಳ್ಳಿ. ಈಗಿನದು, ಹೊಸದು, ಎರಡನ್ನೂ ಪಕ್ಕಪಕ್ಕ ಇಡಿ. ‘ಚೆಂದ ಕಾಣುತ್ತೆ’ ಅನ್ನುವುದು ಕಾರಣವಲ್ಲ. ಪೆಪ್ (ಪೈಥಾನ್‌ಗೆ ಬದಲಾವಣೆ ಕೋರುವ ಪ್ರಸ್ತಾವ) 465 ಓದಿ. ಮ್ಯಾಟ್ರಿಕ್ಸ್ ಗುಣಾಕಾರದ @ ಚಿಹ್ನೆ 2015ರಲ್ಲಿ ಪೈಥಾನ್ 3.5ಕ್ಕೆ ಬಂದದ್ದು ಅದರಿಂದ. ಬೇರೆ ಭಾಷೆಗಳನ್ನೂ ತೋರಿಸಿ. ಸ್ವಿಫ್ಟ್‌ನ ರೆಡ್ಯೂಸ್‌ಗೆ (ಪಟ್ಟಿಯನ್ನು ಒಂದೇ ಉತ್ತರಕ್ಕೆ ಇಳಿಸುವ ಫಂಕ್ಷನ್) ಬರೀ + ಕೊಡಬಹುದು.

ನಿಜವಾದ ತಲೆನೋವು ಮೈನಸ್. ಹ್ಯಾಸ್ಕೆಲ್‌ನಲ್ಲಿ (+ 3) ಎಂದರೆ ಮೂರು ಕೂಡಿಸುವ ಫಂಕ್ಷನ್. (- 3) ಎಂದರೆ ಮಾತ್ರ ಮೈನಸ್ ಮೂರು! ಕಳೆಯುವುದಕ್ಕೆ ‘ಸಬ್‌ಟ್ರಾಕ್ಟ್’ ಅಂತಲೇ ಬೇರೆ ಫಂಕ್ಷನ್ ಇಟ್ಟಿದ್ದಾರೆ. ನಿಮ್ಮ (-) ಕಳೆಯುತ್ತದೋ, ಚಿಹ್ನೆ ಬದಲಿಸುತ್ತದೋ? ಮೊದಲೇ ಬರೆದಿಡಿ. ‘ಆಂಡ್’ (and), ‘ಆರ್’ (or) ಎರಡನ್ನು ಕೋರಿಕೆಯಿಂದ ಕೈಬಿಡಿ. ಅವು ಎಡಭಾಗದಲ್ಲೇ ಉತ್ತರ ಸಿಕ್ಕರೆ ಬಲಭಾಗವನ್ನು ನೋಡುವುದೇ ಇಲ್ಲ. ಪೈಥಾನ್ ಫಂಕ್ಷನ್ ಆದರೆ ಎರಡನ್ನೂ ಲೆಕ್ಕ ಹಾಕಿಬಿಡುತ್ತದೆ.

ಹಳೇ ಕೋಡ್ ಕೆಡುತ್ತದಾ? ಬರೀ (*) ಈಗ ಸಿಂಟ್ಯಾಕ್ಸ್ ಎರರ್ (ಭಾಷೆಯ ವ್ಯಾಕರಣದ ತಪ್ಪು), ಹಾಗಾಗಿ ಭಯ ಕಡಿಮೆ. ಜಾಸ್ತಿ ಬರುವ ಪ್ರಶ್ನೆ ಬೇರೆ: ‘ಆಪರೇಟರ್ ಮಾಡ್ಯೂಲ್ ಇದೆಯಲ್ಲ, ಸಾಲದೇ?’ ಇದಕ್ಕೆ ಉತ್ತರವಿಲ್ಲದೆ ಹೋಗಬೇಡಿ. ಪೆಪ್ ಬರೆಯುವ ನೀವು ಕೋರ್ ಡೆವಲಪರ್ (ಪೈಥಾನ್‌ನ ಮುಖ್ಯ ತಂಡದವರು) ಅಲ್ಲದಿದ್ದರೆ ಪ್ರಸ್ತಾವದ ಬೆನ್ನಿಗೆ ನಿಲ್ಲುವ ಸ್ಪಾನ್ಸರ್ ಕೂಡ ಬೇಕು.